330 ದಿನಗಳ ಲೆಕ್ಕ: ಗಡಿ ದಾಟುವ ಅಮೆರಿಕನ್ನರು ಮತ್ತು ಒಂದು ತೆರಿಗೆಯ ಚರಿತ್ರೆ

1952ರ ಮಾರ್ಚ್ ತಿಂಗಳ ಆಸ್ಕರ್ ಸಮಾರಂಭದಲ್ಲಿ ‘ಆನ್ ಅಮೆರಿಕನ್ ಇನ್ ಪ್ಯಾರಿಸ್’ ಅತ್ಯುತ್ತಮ ಚಿತ್ರವೆಂದು ಘೋಷಣೆಯಾಯಿತು. ಅದರ ನಾಯಕ, ನೃತ್ಯ ಸಂಯೋಜಕ ಜೀನ್ ಕೆಲ್ಲಿಗೆ ಗೌರವ ಪ್ರಶಸ್ತಿಯೂ ಸಂದಿತು. ವೇದಿಕೆ ಹತ್ತಿ ಅದನ್ನು ಸ್ವೀಕರಿಸಿದವರು ಮಾತ್ರ ನಿರ್ದೇಶಕ ವಿನ್ಸೆಂಟ್ ಮಿನೆಲಿ. ಕೆಲ್ಲಿ ಆಗ ಯುರೋಪಿನಲ್ಲಿದ್ದರು. ಅವರನ್ನು ಅಲ್ಲಿಗೆ ಕರೆದೊಯ್ದ ಕಾರಣಗಳಲ್ಲಿ ಸಿನಿಮಾ ಒಂದು. ಹಿಂದಿನ ವರ್ಷ ಅಮೆರಿಕದ ಸಂಸತ್ತು ಮಾಡಿದ್ದ ತೆರಿಗೆ ಕಾನೂನು ಇನ್ನೊಂದು. ಸತತ 18 ತಿಂಗಳಲ್ಲಿ 17 ತಿಂಗಳು, ಅಂದರೆ 510 ದಿನ, ವಿದೇಶದ ನೆಲದಲ್ಲಿದ್ದ ಅಮೆರಿಕನ್ ಪ್ರಜೆ ಅಲ್ಲಿ ದುಡಿದು ಗಳಿಸಿದ ಹಣಕ್ಕೆ ತವರಿನಲ್ಲಿ ತೆರಿಗೆ ಇಲ್ಲ ಎಂದು ಆ ಕಾನೂನು ಹೇಳಿತ್ತು. ಕರ್ಕ್ ಡಗ್ಲಸ್ ಸೇರಿದಂತೆ ಹಲವು ತಾರೆಯರು ಆ ವರ್ಷಗಳಲ್ಲಿ ರೋಮ್, ಪ್ಯಾರಿಸ್, ಲಂಡನ್‌ಗಳಲ್ಲಿ ಒಂದರ ಹಿಂದೊಂದು ಚಿತ್ರ ಮಾಡುತ್ತಾ ಉಳಿದರು.

ತಾರೆಯರ ಆ ಕಾಲ ಬೇಗ ಮುಗಿಯಿತು. ದಿನ ಎಣಿಸುವ ಪದ್ಧತಿ ಮಾತ್ರ ಉಳಿಯಿತು. ಇಂದು ಅದರ ಭಾರ ಹೊರುತ್ತಿರುವವರು ಬೇರೆಯೇ ಜನ. ಕೆನಡಾದ ವಿಂಡ್ಸರ್‌ನಲ್ಲಿ ಮನೆ ಮಾಡಿ ಡೆಟ್ರಾಯಿಟ್‌ನಲ್ಲಿರುವ ತಾಯಿಯನ್ನು ನೋಡಲು ಸೇತುವೆ ದಾಟುವ ಮಗಳು, ಮೆಕ್ಸಿಕೋದ ತಿಹುವಾನಾದಲ್ಲಿ ಬಾಡಿಗೆ ಮನೆ ಹಿಡಿದು ಸ್ಯಾನ್ ಡಿಯೇಗೋಗೆ ಸಾಮಾನು ಕೊಳ್ಳಲು ಹೋಗುವ ಸಾಫ್ಟ್‌ವೇರ್ ಕೆಲಸಗಾರ, ಇಂಥವರು. ಅವರ ಪಾಲಿಗೆ ಒಂದು ಗಂಟೆಯ ಗಡಿ ದಾಟುವಿಕೆಯೂ ಇಡೀ ಒಂದು ದಿನದ ನಷ್ಟ. ಹೀಗೇಕಾಯಿತು ಎಂದು ತಿಳಿಯಲು ನೂರಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಬಹುತೇಕ ದೇಶಗಳು ತೆರಿಗೆ ಹಾಕುವುದು ತಮ್ಮ ನೆಲದಲ್ಲಿ ವಾಸಿಸುವವರಿಗೆ. ಅಮೆರಿಕ ತನ್ನ ಪ್ರಜೆ ಎಲ್ಲೇ ಇದ್ದರೂ, ಎಲ್ಲೇ ಗಳಿಸಿದರೂ ಲೆಕ್ಕ ಕೇಳುತ್ತದೆ. ಪೌರತ್ವಕ್ಕೂ ತೆರಿಗೆಗೂ ಇರುವ ಈ ನಂಟು ಹುಟ್ಟಿದ್ದು ಅಂತರ್ಯುದ್ಧದ ಕಾಲದಲ್ಲಿ. 1861ರ ಮೊದಲ ಆದಾಯ ತೆರಿಗೆ ಕಾನೂನು 800 ಡಾಲರ್ ಮೀರಿದ ಆದಾಯಕ್ಕೆ ಶೇ. 3 ತೆರಿಗೆ ಎಂದಿತು. ವಿದೇಶದಲ್ಲಿ ನೆಲೆಸಿದ ಪ್ರಜೆಗಳಿಗೆ ಅಮೆರಿಕದ ಆಸ್ತಿಯಿಂದ ಬರುವ ಆದಾಯದ ಮೇಲೆ ಶೇ. 5 ಎಂದು ಹೆಚ್ಚಿನ ದರ ಇಟ್ಟಿತು. 1864ರ ಕಾನೂನು ಇನ್ನೂ ಮುಂದೆ ಹೋಗಿ, ದೇಶದಲ್ಲಿರುವವರ ಜೊತೆಗೆ ವಿದೇಶದಲ್ಲಿರುವ ಪ್ರಜೆಗಳನ್ನೂ ಒಂದೇ ಬಲೆಗೆ ತಂದಿತು. ಲಕ್ಷಾಂತರ ಜನ ರಣರಂಗದಲ್ಲಿ ಸಾಯುತ್ತಿರುವಾಗ ಶ್ರೀಮಂತರು ಪ್ಯಾರಿಸ್‌ನಲ್ಲಿ ಕುಳಿತು ತಾಯ್ನಾಡಿನ ಬಡ್ಡಿ ಉಣ್ಣುತ್ತಿದ್ದಾರೆ ಎಂಬ ಸಿಟ್ಟು ಸೆನೆಟ್‌ನ ಚರ್ಚೆಯಲ್ಲಿ ಎದ್ದು ಕಾಣುತ್ತಿತ್ತು. ವರ್ಮಾಂಟ್‌ನ ಸೆನೆಟರ್ ಜೇಕಬ್ ಕೊಲಾಮರ್ ಈ ಸಿಟ್ಟಿಗೆ ದನಿಯಾದವರಲ್ಲಿ ಒಬ್ಬರು. ಕರ್ತವ್ಯ ತಪ್ಪಿಸಿಕೊಂಡು ಓಡಿದವನನ್ನು ಹಿಡಿಯುವುದು ಈ ತೆರಿಗೆಯ ಮೂಲ ಉದ್ದೇಶ. ಗಡಿಯಾಚೆ ದುಡಿಯಲು ಹೋದ ಬಡಗಿಯೋ ಶಿಕ್ಷಕಿಯೋ ಆ ಸೆನೆಟರುಗಳ ಕಣ್ಣ ಮುಂದೆ ಇರಲಿಲ್ಲ.

ಯುದ್ಧಕಾಲದ ಆ ತೆರಿಗೆ 1872ರಲ್ಲಿ ಮುಗಿಯಿತು. 1894ರಲ್ಲಿ ಮರಳಿ ಬಂದದ್ದನ್ನು ಸುಪ್ರೀಂ ಕೋರ್ಟ್ ಮರುವರ್ಷವೇ ತಳ್ಳಿಹಾಕಿತು. 1913ರಲ್ಲಿ ಸಂವಿಧಾನದ 16ನೇ ತಿದ್ದುಪಡಿ ದಾರಿ ತೆರೆದಾಗ, ಹಳೆಯ ಕಾನೂನಿನ ಆ ಮಾತು ಹೊಸ ಕಾನೂನಿಗೂ ನಡೆದುಬಂತು: ಪ್ರಜೆ ಸ್ವದೇಶದಲ್ಲಿರಲಿ, ವಿದೇಶದಲ್ಲಿರಲಿ, ತೆರಿಗೆ ಕಟ್ಟಬೇಕು.

ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದು ಗಡಿಯ ದಕ್ಷಿಣಕ್ಕೆ ನೆಲೆಸಿದ್ದ ಒಬ್ಬ ಅಮೆರಿಕನ್. ಮೆಕ್ಸಿಕೋ ಸಿಟಿಯಲ್ಲಿ ಮನೆ ಮಾಡಿದ್ದ ಕುಕ್ ಅವರ ಆದಾಯ ಬರುತ್ತಿದ್ದುದು ಮೆಕ್ಸಿಕೋದಲ್ಲಿದ್ದ ಆಸ್ತಿಯಿಂದ. ಅದಕ್ಕೂ ತೆರಿಗೆ ಕೇಳಿದಾಗ ಮೊದಲ ಕಂತನ್ನು ಪ್ರತಿಭಟನೆಯೊಂದಿಗೆ ಕಟ್ಟಿ, ಮೇರಿಲ್ಯಾಂಡ್‌ನ ತೆರಿಗೆ ಅಧಿಕಾರಿ ಟೇಟ್ ವಿರುದ್ಧ ದಾವೆ ಹೂಡಿದರು. 1924ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಜೋಸೆಫ್ ಮೆಕೆನ್ನಾ ಬರೆದ ತೀರ್ಪು ಅವರ ವಿರುದ್ಧ ಬಂತು. ಸರ್ಕಾರ ತನ್ನ ಪ್ರಜೆಗೂ ಅವನ ಆಸ್ತಿಗೂ, ಅವು ಎಲ್ಲಿದ್ದರೂ, ಸ್ವಭಾವತಃ ಉಪಕಾರಿ. ಹಾಗಾಗಿ ತೆರಿಗೆ ಹಾಕುವ ಅಧಿಕಾರ ವಾಸಸ್ಥಳವನ್ನು ಅವಲಂಬಿಸಿಲ್ಲ ಎಂಬುದು ಆ ತೀರ್ಪಿನ ತಿರುಳು. ಒಂದು ಶತಮಾನ ಕಳೆದರೂ ‘ಕುಕ್ ವಿರುದ್ಧ ಟೇಟ್’ ಜಾರಿಯಲ್ಲಿದೆ. ಇಂದು ಇದೇ ಬಗೆಯಲ್ಲಿ ಹೊರಗಿನ ಪ್ರಜೆಗಳಿಂದ ಸಾಮಾನ್ಯವಾಗಿ ತೆರಿಗೆ ಕೇಳುವ ಇನ್ನೊಂದು ದೇಶವೆಂದರೆ ಆಫ್ರಿಕಾದ ಎರಿಟ್ರಿಯಾ.

ಹೀಗಾಗಿ ವಿದೇಶದಲ್ಲಿರುವ ಅಮೆರಿಕನ್ ಎಷ್ಟು ಬಾರಿ ಗಡಿ ದಾಟಿದರೂ ಅವನ ಮೂಲ ತೆರಿಗೆ ಬಾಧ್ಯತೆ ಬದಲಾಗುವುದಿಲ್ಲ. ಬದಲಾಗುವುದು ವಿನಾಯಿತಿಯ ಹಕ್ಕು. ದಿನಗಳ ಲೆಕ್ಕ ಹುಟ್ಟಿದ್ದು ಆ ವಿನಾಯಿತಿಯ ಬಾಗಿಲಲ್ಲಿ.

ಮೊದಲ ಪರಿಹಾರ 1918ರಲ್ಲೇ ಬಂದಿತ್ತು. ಖಜಾನೆಯ ಸಲಹೆಗಾರ, ಅರ್ಥಶಾಸ್ತ್ರಜ್ಞ ಥಾಮಸ್ ಆಡಮ್ಸ್ ಅವರ ಯೋಚನೆಯಂತೆ, ವಿದೇಶದಲ್ಲಿ ಕಟ್ಟಿದ ಆದಾಯ ತೆರಿಗೆಯನ್ನು ಅಮೆರಿಕದ ತೆರಿಗೆಯಿಂದ ಕಳೆಯುವ ಸೌಲಭ್ಯ ಸಿಕ್ಕಿತು. ಎರಡನೆಯದು 1926ರದು. ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ದೇಶದ ಹೊರಗಿದ್ದವರ ವಿದೇಶಿ ದುಡಿಮೆಯ ಆದಾಯಕ್ಕೆ ತೆರಿಗೆಯೇ ಬೇಡ ಎಂದಿತು ಆ ವರ್ಷದ ಕಾನೂನು. ವಾದ ವ್ಯಾಪಾರದ್ದು: ಹೊರದೇಶದಲ್ಲಿ ಸರಕು ಮಾರುವ ಅಮೆರಿಕನ್ ಪ್ರತಿನಿಧಿ ಎರಡೆರಡು ತೆರಿಗೆ ಹೊತ್ತರೆ, ತನ್ನ ದೇಶಕ್ಕೆ ತೆರಿಗೆ ಕಟ್ಟಬೇಕಿಲ್ಲದ ಇಂಗ್ಲಿಷಿನವನ ಜೊತೆ ಸ್ಪರ್ಧಿಸುವುದು ಹೇಗೆ?

ಎರಡನೇ ಮಹಾಯುದ್ಧದ ನಡುವೆ ಖಜಾನೆಗೆ ಹಣ ಬೇಕಾದಾಗ ಈ ಬಾಗಿಲು ಕಿರಿದಾಯಿತು. 1942ರ ಕಾನೂನು ಆರು ತಿಂಗಳ ಲೆಕ್ಕ ಬಿಟ್ಟು, ಇಡೀ ತೆರಿಗೆ ವರ್ಷ ವಿದೇಶದ ನಿಜವಾದ ನಿವಾಸಿಯಾಗಿರಬೇಕು ಎಂದು ವಿಧಿಸಿತು. ನಿಜವಾದ ನಿವಾಸಿ ಯಾರು? ಮನೆ ಎಲ್ಲಿದೆ, ಸಂಸಾರ ಎಲ್ಲಿದೆ, ಇರುವ ಉದ್ದೇಶವೇನು ಎಂದೆಲ್ಲ ನೋಡಿ ತೀರ್ಮಾನಿಸಬೇಕಾದ ಪ್ರಶ್ನೆ ಅದು. ಮರುಭೂಮಿಯ ತೈಲಬಾವಿಯ ಬಳಿ ಕಂಪನಿಯ ಶಿಬಿರದಲ್ಲಿ ಮಲಗುವ ತಂತ್ರಜ್ಞನಿಗೆ ಇವುಗಳಲ್ಲಿ ಯಾವುದಕ್ಕೂ ಉತ್ತರವಿರುತ್ತಿರಲಿಲ್ಲ. ಅಂಥವರಿಗಾಗಿಯೇ 1951ರಲ್ಲಿ ಸಂಸತ್ತು ಎರಡನೇ ದಾರಿ ತೆರೆಯಿತು: ಉದ್ದೇಶ ಕೇಳುವುದು ಬೇಡ, ದಿನ ಎಣಿಸಿದರೆ ಸಾಕು. 18 ತಿಂಗಳಲ್ಲಿ 510 ದಿನ.

ತೈಲದವರಿಗೆಂದು ತೆರೆದ ಆ ಬಾಗಿಲಲ್ಲಿ ಹಾಲಿವುಡ್ ಒಳನುಗ್ಗಿದ್ದು ಹಾಗೆ. ವಿನಾಯಿತಿಗೆ ಮಿತಿಯೇ ಇರಲಿಲ್ಲ. ಮೇಲ್ಸ್ತರದ ಆದಾಯದ ಮೇಲಿನ ತೆರಿಗೆ ದರವೋ ಶೇ. 90ನ್ನು ಮೀರಿತ್ತು. ಪತ್ರಿಕೆಗಳು ಬರೆದವು, ಸಾರ್ವಜನಿಕರು ಸಿಟ್ಟಾದರು. 1953ರಲ್ಲಿ ಸಂಸತ್ತು ದಿನ ಎಣಿಸುವ ದಾರಿಗೆ ವರ್ಷಕ್ಕೆ 20,000 ಡಾಲರ್ ಮಿತಿ ಹಾಕಿತು. ಲಕ್ಷಗಳಲ್ಲಿ ಗಳಿಸುವ ನಟನಿಗೆ ಅದು ಲೆಕ್ಕಕ್ಕಿಲ್ಲ. ದುಡಿಯುವ ಎಂಜಿನಿಯರನಿಗೆ ಅದು ದೊಡ್ಡ ಮೊತ್ತ.

ಮುಂದಿನ ಮೂವತ್ತು ವರ್ಷ ಕಾನೂನು ಹಿಂದಕ್ಕೂ ಮುಂದಕ್ಕೂ ತೂಗಾಡಿತು. 1962ರಲ್ಲಿ ನಿಜವಾದ ನಿವಾಸಿಗಳ ವಿನಾಯಿತಿಗೂ ಮಿತಿ ಬಂತು. 1976ರಲ್ಲಿ ಅದನ್ನು ಇನ್ನೂ ಇಳಿಸುವ ಕಾನೂನಾಯಿತು. 1978ರಲ್ಲಿ ವಿನಾಯಿತಿಯನ್ನು ಬಹುಪಾಲು ತೆಗೆದು, ಮನೆ ಬಾಡಿಗೆ, ಮಕ್ಕಳ ಶಾಲೆ, ತವರಿನ ಪ್ರಯಾಣ ಇವುಗಳ ಹೆಚ್ಚುವರಿ ಖರ್ಚನ್ನು ಕಳೆಯಲು ಬಿಡುವ ತೊಡಕಿನ ವ್ಯವಸ್ಥೆ ತರಲಾಯಿತು. ಮಧ್ಯಪ್ರಾಚ್ಯದಲ್ಲಿ ಕಟ್ಟಡ ಕಟ್ಟುತ್ತಿದ್ದ ಕಂಪನಿಗಳು ಅಮೆರಿಕನ್ನರನ್ನು ನೇಮಿಸುವುದೇ ದುಬಾರಿಯಾಯಿತು ಎಂದು ದೂರಿದವು. ರೇಗನ್ ಸರ್ಕಾರ 1981ರಲ್ಲಿ ವಿನಾಯಿತಿಯನ್ನು 75,000 ಡಾಲರ್‌ಗೆ ಏರಿಸಿ ಮರಳಿ ತಂದಿತು. ಅದೇ ಕಾನೂನು 18 ತಿಂಗಳ ಲೆಕ್ಕವನ್ನು 12 ತಿಂಗಳಿಗೆ ಇಳಿಸಿತು. ಸತತ 12 ತಿಂಗಳಲ್ಲಿ 330 ಪೂರ್ಣ ದಿನ: ಇಂದಿಗೂ ನಡೆಯುತ್ತಿರುವ ಸೂತ್ರ ಇದೇ. 2006ರಿಂದ ವಿನಾಯಿತಿಯ ಮೊತ್ತ ಬೆಲೆಯೇರಿಕೆಯ ಜೊತೆ ಏರುತ್ತಿದೆ. 2025ಕ್ಕೆ ಅದು 1,30,000 ಡಾಲರ್.

ಈ ಸೂತ್ರದಲ್ಲಿ ಕಠಿಣವಾದದ್ದು ‘ಪೂರ್ಣ ದಿನ’ ಎಂಬ ಷರತ್ತು. ನಡುರಾತ್ರಿಯಿಂದ ನಡುರಾತ್ರಿಯವರೆಗೆ 24 ಗಂಟೆ ವಿದೇಶದಲ್ಲೇ ಕಳೆದರೆ ಮಾತ್ರ ಅದು ಒಂದು ದಿನ. ಸಂಜೆ ಐದಕ್ಕೆ ಗಡಿ ದಾಟಿ ಆರಕ್ಕೆ ಮರಳಿದರೆ ಆ ದಿನ ಹೋಯಿತು. ಒಂದು ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಬಂದರೆ ಎರಡು ದಿನ ಹೋದವು. 365ರಲ್ಲಿ 330 ತೆಗೆದರೆ ಉಳಿಯುವುದು 35. ಅಷ್ಟರೊಳಗೆ ಎಲ್ಲ ಮದುವೆ, ಮರಣ, ಹಬ್ಬ, ವೈದ್ಯರ ಭೇಟಿ ಮುಗಿಯಬೇಕು. 329 ದಿನವಾದರೆ ವಿನಾಯಿತಿ ಸ್ವಲ್ಪ ಕಡಿಮೆಯಾಗುವುದಿಲ್ಲ; ಈ ದಾರಿಯೇ ಮುಚ್ಚುತ್ತದೆ. ತುಸು ಸಮಾಧಾನವೆಂದರೆ, ಆ 12 ತಿಂಗಳು ಜನವರಿಯಿಂದಲೇ ಶುರುವಾಗಬೇಕಿಲ್ಲ. ಅನುಕೂಲವಾದ ಯಾವ ದಿನದಿಂದ ಬೇಕಾದರೂ ಎಣಿಸಬಹುದು.

ಸಾಗರದಾಚೆ ಇರುವವನಿಗೆ ಈ ನಿಯಮ ಅಷ್ಟು ಕಷ್ಟವಲ್ಲ. ಸೌದಿಯ ಎಂಜಿನಿಯರ್ ವರ್ಷಕ್ಕೊಮ್ಮೆ ರಜೆಗೆ ಬಂದು ಮೂರು ವಾರ ಇದ್ದು ಹೋಗುತ್ತಾನೆ. ಗಡಿಯ ಊರಿನ ಬದುಕು ಹಾಗಲ್ಲ. ಡೆಟ್ರಾಯಿಟ್ ಮತ್ತು ವಿಂಡ್ಸರ್ ನಡುವೆ 1929ರಲ್ಲಿ ಅಂಬಾಸಡರ್ ಸೇತುವೆ, 1930ರಲ್ಲಿ ನದಿಯಡಿಯ ಸುರಂಗ ತೆರೆದ ಮೇಲೆ ಎರಡೂ ಊರುಗಳು ಒಂದೇ ಪೇಟೆಯಂತೆ ಬೆಳೆದವು. ವಾರಕ್ಕೊಮ್ಮೆ ದಾಟಿದರೂ ವರ್ಷಕ್ಕೆ 52 ದಿನ; ಅಲ್ಲಿಗೆ ದಿನ ಎಣಿಸುವ ದಾರಿ ಮುಗಿಯಿತು.

ಇನ್ನೂ ವಿಚಿತ್ರವಾದದ್ದು ಪಾಯಿಂಟ್ ರಾಬರ್ಟ್ಸ್. 1846ರ ಒರೆಗಾನ್ ಒಪ್ಪಂದ 49ನೇ ಅಕ್ಷಾಂಶವನ್ನು ಗಡಿ ಎಂದು ಒಪ್ಪಿದಾಗ, ಕೆನಡಾದ ಭೂಮಿಯಿಂದ ದಕ್ಷಿಣಕ್ಕೆ ಚಾಚಿದ ಪುಟ್ಟ ಮೂಲೆಯೊಂದು ಗೆರೆಯ ಕೆಳಗೆ ಬಿದ್ದು ಅಮೆರಿಕದ ಪಾಲಾಯಿತು. ವಾಷಿಂಗ್ಟನ್ ರಾಜ್ಯಕ್ಕೆ ಸೇರಿದ ಆ ಊರಿನಿಂದ ಅದೇ ರಾಜ್ಯದ ಉಳಿದ ನೆಲಕ್ಕೆ ರಸ್ತೆಯಲ್ಲಿ ಹೋಗಬೇಕೆಂದರೆ ಕೆನಡಾವನ್ನು ಹಾದು ಎರಡು ಬಾರಿ ಗಡಿ ದಾಟಬೇಕು. ಕೆನಡಾದ ಕಡೆಯ ಟ್ವಾಸನ್‌ನವರು ಅಗ್ಗದ ಪೆಟ್ರೋಲ್ ತುಂಬಿಸಲು, ಅಮೆರಿಕನ್ ವಿಳಾಸಕ್ಕೆ ತರಿಸಿಕೊಂಡ ಪಾರ್ಸೆಲ್ ತೆಗೆದುಕೊಳ್ಳಲು ಅಲ್ಲಿಗೆ ಕೆಲವೇ ನಿಮಿಷಗಳಲ್ಲಿ ಹೋಗಿ ಬರುತ್ತಾರೆ. ಅವರಲ್ಲಿ ಅಮೆರಿಕನ್ ಪ್ರಜೆ ಇದ್ದರೆ, ಆ ಒಂದು ಟ್ಯಾಂಕ್ ಪೆಟ್ರೋಲ್‌ಗೆ 35ರಲ್ಲಿ ಒಂದು ದಿನ ಸಲ್ಲುತ್ತದೆ. ಉತ್ತರದಲ್ಲಿ ಅಲಾಸ್ಕಾದ ಹೈಡರ್‌ಗೆ ರಸ್ತೆ ಇರುವುದು ಕೆನಡಾದ ಸ್ಟೂವರ್ಟ್ ಊರಿನಿಂದ ಮಾತ್ರ. ಹೈಡರ್‌ಗೆ ಕಾಲಿಡುವಾಗ ಅಮೆರಿಕದ ತಪಾಸಣಾ ಠಾಣೆಯೇ ಇಲ್ಲ. ಆದರೂ ಕಾನೂನು ಎಣಿಸುವುದು ಪಾಸ್‌ಪೋರ್ಟಿನ ಮೊಹರನ್ನಲ್ಲ, ನೆಲದ ಮೇಲಿನ ಹೆಜ್ಜೆಯನ್ನು.

ಅಮೆರಿಕವನ್ನು ಹಾದುಹೋಗುವವರಿಗೆ ನಿಯಮ ಬೇರೆ. ಟೊರಾಂಟೊದಿಂದ ಮೆಕ್ಸಿಕೋ ಸಿಟಿಗೆ ಹೊರಟವನು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಹತ್ತು ಗಂಟೆ ಕಾದರೂ ದಿನ ಹೋಗುವುದಿಲ್ಲ. ಎರಡು ವಿದೇಶಗಳ ನಡುವಿನ ಪ್ರಯಾಣದಲ್ಲಿ 24 ಗಂಟೆಗಿಂತ ಕಡಿಮೆ ಹೊತ್ತು ಅಮೆರಿಕದಲ್ಲಿದ್ದರೆ, ಅಲ್ಲಿ ಇದ್ದಂತೆ ಎಣಿಸುವುದಿಲ್ಲ. ಟೊರಾಂಟೊದಿಂದ ಬಫಲೋಗೆ ಕಾರಿನಲ್ಲಿ ಹೋಗಿ ಎರಡು ಗಂಟೆಯಲ್ಲಿ ಮರಳುವವನಿಗೆ ಈ ರಿಯಾಯಿತಿ ಇಲ್ಲ, ಏಕೆಂದರೆ ಅವನು ಅಮೆರಿಕವನ್ನು ಹಾದು ಇನ್ನೊಂದು ದೇಶಕ್ಕೆ ಹೋಗುತ್ತಿಲ್ಲ.

ಅಮೆರಿಕದ ಹೊರಗಿದ್ದರೆ ಸಾಲದು, ವಿದೇಶದ ನೆಲದಲ್ಲೇ ಇರಬೇಕು ಎಂಬುದೂ ಮುಖ್ಯ. ಅಂತರರಾಷ್ಟ್ರೀಯ ಸಮುದ್ರದಲ್ಲಿ ಹಡಗಿನ ಮೇಲೆ ಕಳೆದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೋ ನೆಲೆಯಲ್ಲಿ ದುಡಿದವರೊಬ್ಬರು ವಿನಾಯಿತಿ ಕೇಳಿದಾಗ, ಆ ಖಂಡ ಯಾವ ದೇಶದ ಸಾರ್ವಭೌಮತ್ವಕ್ಕೂ ಸೇರಿಲ್ಲವಾದ್ದರಿಂದ ಅದು ‘ವಿದೇಶ’ ಅಲ್ಲ ಎಂದು ತೆರಿಗೆ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿತು.

ಇದೇ ಅಮೆರಿಕ ಹೊರಗಿನವರ ದಿನಗಳನ್ನು ಎಣಿಸುವಾಗ ಗಡಿಯ ಬದುಕನ್ನು ಬಲ್ಲದು. ಪರದೇಶಿ ಪ್ರಜೆಗಳು ಯಾವಾಗ ಅಮೆರಿಕದ ತೆರಿಗೆ ನಿವಾಸಿಗಳಾಗುತ್ತಾರೆ ಎಂದು ಹೇಳುವ 1984ರ ಕಾನೂನು ಮೂರು ವರ್ಷಗಳ ದಿನಗಳನ್ನು ತೂಕ ಹಾಕಿ 183ರ ಗೆರೆ ಎಳೆಯುತ್ತದೆ. ಅಲ್ಲಿ ದಿನದ ಒಂದು ಭಾಗ ಇದ್ದರೂ ಪೂರ್ಣ ದಿನವೇ. ಆದರೆ ಕೆನಡಾ ಅಥವಾ ಮೆಕ್ಸಿಕೋದ ಮನೆಯಿಂದ ನಿತ್ಯ ಬಂದು ಕೆಲಸ ಮಾಡಿ ಮರಳುವವರ ಆ ದಿನಗಳನ್ನು ಎಣಿಸುವುದಿಲ್ಲ ಎಂಬ ಸ್ಪಷ್ಟ ರಿಯಾಯಿತಿ ಅದರಲ್ಲಿದೆ. ವಿಂಡ್ಸರ್‌ನ ಕೆನಡಿಯನ್ ನರ್ಸ್ ಡೆಟ್ರಾಯಿಟ್ ಆಸ್ಪತ್ರೆಗೆ ನಿತ್ಯ ಹೋಗಿ ಬಂದರೂ ಆ ಓಡಾಟದಿಂದ ಅಮೆರಿಕದ ನಿವಾಸಿಯಾಗುವುದಿಲ್ಲ. ಅವಳ ಪಕ್ಕದ ಮನೆಯ ಅಮೆರಿಕನ್ ಮಹಿಳೆ, ವಿಂಡ್ಸರ್‌ನಲ್ಲೇ ದುಡಿಯುವವಳು, ವಾರಕ್ಕೊಮ್ಮೆ ತಾಯಿಯನ್ನು ನೋಡಿ ಬಂದರೆ ದಿನಗಳ ಪರೀಕ್ಷೆಯಲ್ಲಿ ಸೋಲುತ್ತಾಳೆ. ಗಡಿ ಊರಿನ ಬದುಕಿಗೆ ಪರದೇಶಿಯ ವಿಷಯದಲ್ಲಿ ಸಿಕ್ಕ ಮನ್ನಣೆ ಸ್ವಂತ ಪ್ರಜೆಗೂ ಸಿಗಬೇಕಾದದ್ದು ನ್ಯಾಯ.

ವಿಂಡ್ಸರ್‌ನ ಆ ಅಮೆರಿಕನ್ ಮಹಿಳೆಗೆ ಬೇರೆ ದಾರಿಗಳಿಲ್ಲವೆಂದಲ್ಲ. 1942ರ ನಿಜವಾದ ನಿವಾಸಿಯ ಪರೀಕ್ಷೆ ಇನ್ನೂ ಇದೆ. ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಒಂದು ಪೂರ್ಣ ವರ್ಷ ಒಳಗೊಳ್ಳುವಂತೆ ವಿದೇಶದಲ್ಲಿ ನೆಲೆಯೂರಿದ್ದರೆ, ನಡುವೆ ತವರಿಗೆ ಸಣ್ಣಪುಟ್ಟ ಪ್ರಯಾಣ ಮಾಡಿದರೂ ಆ ನೆಲೆ ಮುರಿಯುವುದಿಲ್ಲ. ಕೆನಡಾದಂಥ ಹೆಚ್ಚು ತೆರಿಗೆಯ ದೇಶದಲ್ಲಿ 1918ರ ತೆರಿಗೆ ಕಳೆಯುವ ಸೌಲಭ್ಯವೇ ಸಾಕಾಗಿ ದಿನಗಳ ಗೊಡವೆ ಬೇಡವಾಗುತ್ತದೆ. ನಿಜವಾಗಿ ಸಿಕ್ಕಿಬೀಳುವವರು ಹೊಸದಾಗಿ ಬಂದವರು, ಒಂದು ವರ್ಷದ ಒಪ್ಪಂದದ ಮೇಲೆ ದುಡಿಯುವವರು, ಒಂದು ಕಡೆ ಬೇರೂರದೆ ಲ್ಯಾಪ್‌ಟಾಪ್ ಹಿಡಿದು ತಿರುಗುವವರು. ಇನ್ನು ತಿಹುವಾನಾದಲ್ಲಿ ಮಲಗಿ ಸ್ಯಾನ್ ಡಿಯೇಗೋದಲ್ಲಿ ದುಡಿಯುವವರಿಗೆ ವಿನಾಯಿತಿಯ ಪ್ರಶ್ನೆಯೇ ಇಲ್ಲ. ಕೆಲಸ ಅಮೆರಿಕದ ನೆಲದಲ್ಲಿ ನಡೆದ ಮೇಲೆ ಆ ಸಂಬಳ ವಿದೇಶಿ ಗಳಿಕೆಯಾಗುವುದಿಲ್ಲ.

ವಿಪತ್ತುಗಳು ಬಂದಾಗ ಕಾನೂನು ಸಡಿಲಗೊಂಡದ್ದೂ ಉಂಟು. ಯುದ್ಧ, ದಂಗೆಗಳಿಂದ ದೇಶ ಬಿಟ್ಟು ಓಡಬೇಕಾದವರಿಗೆ ದಿನಗಳ ಷರತ್ತನ್ನು ಮನ್ನಿಸುವ ಅವಕಾಶ 1980ರಲ್ಲಿ ಬಂತು. ಕೋವಿಡ್ ಕಾಲದಲ್ಲಿ ಅದೇ ಅವಕಾಶ ಬಳಸಿ, 2020ರ ಫೆಬ್ರವರಿ 1ರಿಂದ ಜುಲೈ 15ರ ನಡುವೆ ಯಾವುದೇ ದೇಶ ಬಿಟ್ಟವರಿಗೆ ಮನ್ನಣೆ ಕೊಡಲಾಯಿತು. ಚೀನಾ ಬಿಟ್ಟವರಿಗೆ ಅದು 2019ರ ಡಿಸೆಂಬರ್ 1ರಿಂದಲೇ ಅನ್ವಯಿಸಿತು.

ಬೆಂಗಳೂರಿನಲ್ಲೂ ಈ ಲೆಕ್ಕ ಹಾಕುವ ಮನೆಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ದುಡಿದು ಅಮೆರಿಕದ ಪೌರತ್ವ ಪಡೆದು ಊರಿಗೆ ಮರಳಿದ ಕನ್ನಡಿಗರು ಇಲ್ಲಿಯ ಸಂಬಳಕ್ಕೂ ಅಲ್ಲಿ ಲೆಕ್ಕ ಒಪ್ಪಿಸಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿ ತಂದಾಗ ಊರು ಸಂಭ್ರಮಿಸಿತು. ಆ ಹಾದಿಯಲ್ಲಿ 10ನೇ ತಾರೀಖು ರಾತ್ರಿ ಹೊರಟವರು 12ರ ನಸುಕಿಗೆ ಇಳಿದರೆ 10, 11, 12 ಮೂರೂ ಪೂರ್ಣ ದಿನಗಳಲ್ಲ. ಮೊದಲ ಪೂರ್ಣ ದಿನ 13. ಹತ್ತು ದಿನದ ರಜೆ ಲೆಕ್ಕದಲ್ಲಿ ಹನ್ನೆರಡು ಹದಿಮೂರಕ್ಕೆ ಏರುವುದು ಹೀಗೆ. ಭಾರತದ ಕಡೆಯಿಂದ ಎಣಿಕೆಯೇ ಬೇರೆ. ಇಲ್ಲಿ 182 ದಿನ ಇದ್ದವರು ನಿವಾಸಿ. ಬಂದ ದಿನ, ಹೊರಟ ದಿನ ಎರಡನ್ನೂ ಎಣಿಸಬೇಕು ಎಂದು ಮುಂಗಡ ತೀರ್ಪು ಪ್ರಾಧಿಕಾರ ಹಿಂದೆ ಹೇಳಿತ್ತು. 2009ರಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಬಂದಿಳಿದ ದಿನವನ್ನು ಬಿಡಬೇಕು ಎಂದಿತು.

ಹಳೆಯ ಕಾಲದಲ್ಲಿ ಅಮೆರಿಕದ ಈ ದಿನಗಳ ಲೆಕ್ಕಕ್ಕೆ ಮುಖ್ಯ ಸಾಕ್ಷಿ ತೆರಿಗೆದಾರನ ಡೈರಿ. ವಿನಾಯಿತಿ ಕೇಳುವ 2555ನೇ ನಮೂನೆಯಲ್ಲಿ ಯಾವ ದೇಶಕ್ಕೆ ಎಂದು ಬಂದೆ, ಎಂದು ಬಿಟ್ಟೆ, ಎಷ್ಟು ಪೂರ್ಣ ದಿನ ಇದ್ದೆ ಎಂದು ಬರೆಯುವ ಪಟ್ಟಿ ಇದೆ. ಕೆನಡಾ ಮತ್ತು ಅಮೆರಿಕ 2013ರಿಂದ ಭೂಗಡಿಯಲ್ಲಿ ಮೂರನೇ ದೇಶದವರ ಪ್ರವೇಶದ ದಾಖಲೆಗಳನ್ನು ಪರಸ್ಪರ ಹಂಚಿಕೊಳ್ಳತೊಡಗಿದವು. 2019ರ ಜುಲೈಯಿಂದ ಎರಡೂ ದೇಶಗಳ ಸ್ವಂತ ಪ್ರಜೆಗಳನ್ನೂ ಸೇರಿಸಲಾಯಿತು. ಒಂದು ದೇಶಕ್ಕೆ ಒಳಬಂದ ದಾಖಲೆಯೇ ಇನ್ನೊಂದನ್ನು ಬಿಟ್ಟ ದಾಖಲೆ. ನೆನಪಿನಿಂದ ಪಟ್ಟಿ ತುಂಬಿಸುವ ಕಾಲ ಮುಗಿದಿದೆ.

2024ರ ಡಿಸೆಂಬರ್‌ನಲ್ಲಿ ಇಲಿನಾಯ್‌ನ ಪ್ರತಿನಿಧಿ ಡ್ಯಾರಿನ್ ಲಹುಡ್ ಅಮೆರಿಕದ ಸಂಸತ್ತಿನಲ್ಲಿ ಮಸೂದೆಯೊಂದನ್ನು ಮಂಡಿಸಿದರು. ವಿದೇಶದಲ್ಲಿ ನೆಲೆಸಿದ ಪ್ರಜೆ ಬಯಸಿದರೆ ಅವನನ್ನು ಅನಿವಾಸಿ ಎಂದು ಪರಿಗಣಿಸಿ, ಅಮೆರಿಕದಲ್ಲಿ ಹುಟ್ಟುವ ಆದಾಯಕ್ಕೆ ಮಾತ್ರ ತೆರಿಗೆ ಹಾಕಬೇಕು ಎಂಬುದು ಅದರ ಆಶಯ. 1864ರಿಂದ ನಡೆದುಬಂದ ನಂಟನ್ನು ಸಡಿಲಿಸುವ ಇಂಥ ಸುಧಾರಣೆ ಎಂದಾದರೂ ಕಾನೂನಾದರೆ, ಅನಿವಾಸಿ ಯಾರು ಎಂದು ಬರೆಯುವವರು 1951ರ ತೈಲ ಶಿಬಿರದ ಜೊತೆಗೆ ವಿಂಡ್ಸರ್, ತಿಹುವಾನಾ, ಟ್ವಾಸನ್‌ಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು. ನಿತ್ಯ ದುಡಿಯಲು ಗಡಿ ದಾಟುವ ಕೆನಡಿಯನ್ನರಿಗೂ ಮೆಕ್ಸಿಕನ್ನರಿಗೂ 1984ರಲ್ಲಿ ಕೊಟ್ಟ ರಿಯಾಯಿತಿಯ ಒಕ್ಕಣೆ ಕಾನೂನು ಪುಸ್ತಕದಲ್ಲಿ ಸಿದ್ಧವಾಗಿಯೇ ಇದೆ.